ನೆಲದ ವಾಟ

ನಮ್ಮ ಊರಿನ ಚರ್ಚನ್ನು ನಾವು ಗುಡಿ ಎಂದೇ ಕರೆಯುತ್ತೇವೆ. ಅದರ ನೆಲ ಸಮವಾಗಿಲ್ಲ. ಹೊರಗಿನಿಂದ ಬಂದವರು ಮೊದಲ ಸಲ ಒಳಗೆ ಕಾಲಿಟ್ಟಾಗ ಸ್ವಲ್ಪ ತಡವರಿಸುತ್ತಾರೆ. ಎರಡೂ ಗೋಡೆಗಳ ಬುಡದಿಂದ ನಡುಭಾಗಕ್ಕೆ ನೆಲ ಇಳಿಯುತ್ತ ಬರುತ್ತದೆ. ನಡುವೆ, ಪೀಠದ ಮೆಟ್ಟಿಲಿನಿಂದ ದೊಡ್ಡ ಬಾಗಿಲಿನ ಹತ್ತಿರದವರೆಗೆ, ಅಂಗೈ ಅಗಲದ ಕಲ್ಲಿನ ಕಾಲುವೆ ಇದೆ. ಕಟ್ಟಿದ ಮೇಸ್ತ್ರಿ ಕೈತಪ್ಪಿ ಹೀಗೆ ಮಾಡಿದ್ದಾನೆ ಎಂದು ಬಂದವರು ಅಂದುಕೊಳ್ಳುತ್ತಾರೆ. ಕೈತಪ್ಪಿದ್ದಲ್ಲ. ಬಚ್ಚಲಿಗೆ ವಾಟ ಕೊಡುವ ಹಾಗೆ ಗುಡಿಯ ನೆಲಕ್ಕೂ ಬೇಕೆಂದೇ ವಾಟ ಕೊಟ್ಟಿದ್ದಾರೆ. ಊರಿನವರೆಲ್ಲ ಅಳುವುದಕ್ಕೆ ಬರುವುದು ಅಲ್ಲಿಗೇ. ಗುಡಿಯ ಒಳಗಲ್ಲದೆ ಬೇರೆಲ್ಲೂ ನಮಗೆ ಕಣ್ಣೀರು ಬರುವುದಿಲ್ಲ.

ನಮ್ಮ ಮನೆಗಳಲ್ಲಿ ಕೂಸುಗಳು ಕಿರುಚುತ್ತವೆ, ಮುಖ ಕೆಂಪಾಗುತ್ತದೆ, ಕಣ್ಣು ಮಾತ್ರ ಒಣಗಿರುತ್ತದೆ. ಮದುವೆ ಮನೆಯಲ್ಲಿ ಹೆಂಗಸರು ರಾಶಿ ಈರುಳ್ಳಿ ಹಾಕಿಕೊಂಡು ಹೆಚ್ಚುತ್ತಾರೆ, ಯಾರೂ ಸೆರಗಿನಿಂದ ಕಣ್ಣೊತ್ತಿಕೊಳ್ಳುವುದಿಲ್ಲ. ಹೆಣ್ಣು ಒಪ್ಪಿಸಿಕೊಡುವ ದಿನ ಬೀಗರನ್ನು ಚಪ್ಪರದಲ್ಲಿ ಕೂರಿಸಿ, ತಾಯಿ ಮಗಳು ಇಬ್ಬರೂ ಗುಡಿಗೆ ಹೋಗಿ ಅತ್ತು, ಮುಖ ತೊಳೆದುಕೊಂಡು ಬರುತ್ತಾರೆ. ಗಂಡ ಹೆಂಡಿರ ಜಗಳ ಜೋರಾದಾಗ ಹೆಂಡತಿ, "ಇರು, ಗುಡಿಗೆ ಹೋಗಿಬಂದು ಮಿಕ್ಕಿದ್ದು ಮಾತಾಡ್ತೀನಿ" ಎಂದು ಚಪ್ಪಲಿ ಮೆಟ್ಟುವುದೂ ಉಂಟು.

ಮೊದಲು ಅಲ್ಲಿದ್ದದ್ದು ಮಣ್ಣಿನ ಗೋಡೆ, ಹುಲ್ಲಿನ ಸೂರು. ಆಮೇಲೆ ಗಡ್ಡದ ಸ್ವಾಮಿಗಳು ಅಂತ ಒಬ್ಬ ಪರದೇಶದ ಗುರುಗಳು ಬಂದು ಇಟ್ಟಿಗೆ, ಗಾರೆಯಲ್ಲಿ ದೊಡ್ಡದಾಗಿ ಕಟ್ಟಿಸಿದರು. ಅವರ ಊರಿನ ಗುಡಿಗಳ ಹಾಗೆ ಎತ್ತರದ ಕಮಾನು, ಸಾಲು ಕಂಬ, ನುಣ್ಣನೆಯ ಸಮ ನೆಲ. ಆ ವರ್ಷ ಊರಿಗೆ ಸಿಡುಬು ಬಂತಂತೆ. ಜನ ಬಂದು ಅತ್ತು ಅತ್ತು, ನೆಲದ ಮೇಲೆ ನೀರು ನಿಂತು, ಪೀಠಕ್ಕೆ ಹೋಗುತ್ತಿದ್ದ ಸ್ವಾಮಿಗಳೇ ಜಾರಿ ಬಿದ್ದರಂತೆ. ಎದ್ದವರೇ ಮೇಸ್ತ್ರಿಯನ್ನು ಕರೆಸಿ ನೆಲವನ್ನು ಪೂರ್ತಿ ಕೀಳಿಸಿದರು. ವಾಟ ಕೊಟ್ಟು, ಕಾಲುವೆ ಕೊರೆಸಿ, ಅದು ಬಾಗಿಲ ಹತ್ತಿರ ತಿರುಗಿ ತೆಂಕಣ ಗೋಡೆಯ ಒಂದು ಕಿಂಡಿಯಿಂದ ಹೊರಗೆ ಹೋಗುವ ಹಾಗೆ ಮಾಡಿಸಿದರು. ಆ ಕಿಂಡಿಯ ಆಚೆಯ ನೆಲ ಇವತ್ತಿಗೂ ಬೆಳ್ಳಗಿದೆ. ಅಲ್ಲಿ ಹುಲ್ಲು ಬೆಳೆಯುವುದಿಲ್ಲ. ಊರಿನ ಆಡುಗಳು ಬಂದು ಮಣ್ಣು ನೆಕ್ಕಿ ಹೋಗುತ್ತವೆ.

ಬಡಗಣ ಗೋಡೆಯಲ್ಲಿ ತಗ್ಗಾದ ಒಂದು ಬಾಗಿಲಿದೆ. ಅದರ ಮೇಲೆ ಶಿಲುಬೆಯ ಗುರುತಿಲ್ಲ, ಅದಕ್ಕೆ ಚಿಲಕವೂ ಇಲ್ಲ. ಗಾಣಿಗರ ಬೀದಿಯವರು, ಸಾಬರ ಬೀದಿಯವರು, ಯಾವ ದೇವರಿಗೆ ಕೈಮುಗಿಯುವವರಾದರೂ ಅಲ್ಲಿಂದ ತಲೆ ತಗ್ಗಿಸಿ ಒಳಗೆ ಬಂದು ಅತ್ತು ಹೋಗಬಹುದು. ಅದಕ್ಕೆ ಅಳುವ ಬಾಗಿಲು ಅಂತಲೇ ಹೆಸರು. ಒಳಗಿನ ಕಂಬಗಳ ಗಾರೆ, ಕೂತವರ ಹಣೆ ತಾಗುವ ಎತ್ತರದಲ್ಲಿ, ಬಟ್ಟಲಿನ ಹಾಗೆ ಸವೆದಿದೆ. ಒಂದೊಂದು ಮನೆತನದವರಿಗೆ ಒಂದೊಂದು ಕಂಬ.

ಗಂಟೆ ಗೋಪುರ ಮಾತ್ರ ಗುಡಿಗೆ ಅಂಟಿಕೊಂಡಿಲ್ಲ, ನಾಲ್ಕು ಮಾರು ದೂರ ನಿಂತಿದೆ. ಅದರೊಳಗೆ ಕಣ್ಣೀರು ಬರುವುದಿಲ್ಲ. ಯಾಕೆ ಅಂತ ಯಾರನ್ನು ಕೇಳಿದರೂ ನಮ್ಮೂರಲ್ಲಿ ಒಂದೇ ಉತ್ತರ: "ಗಾರೆ ಇನ್ನೂ ಒಣಗಿಲ್ಲ." ಹೊಸದಾಗಿ ಕಟ್ಟಿದ್ದು ಒಣಗುವ ತನಕ ಅಲ್ಲಿ ಕಣ್ಣು ಒದ್ದೆಯಾಗುವುದಿಲ್ಲ ಎಂಬುದು ನಮ್ಮವರ ನಂಬಿಕೆ. ಗೋಪುರ ಕಟ್ಟಿ ಅಜ್ಜ ಮುತ್ತಜ್ಜಂದಿರ ಕಾಲವಾಯಿತಲ್ಲ ಅಂದರೆ, "ಗೋಡೆ ದಪ್ಪ ನೋಡು, ಒಳಗೊಳಗೇ ಹಸಿ ಇರುತ್ತೆ" ಎನ್ನುತ್ತಾರೆ. ನಾನೂ ಹಾಗೇ ನಂಬಿದ್ದೆ.

ನನ್ನ ಅತ್ತೆ ಶೌರಮ್ಮ ಆ ಗುಡಿಯ ಕಾಲುವೆ ಬಳಿಯುವವರು. ಹರೆಯದಲ್ಲಿ ಹಿಡಿದ ಕೆಲಸ, ಇಳಿವಯಸ್ಸಿನ ತನಕ ಬಿಟ್ಟವರಲ್ಲ. ತೆಂಗಿನಕಡ್ಡಿ ಪೊರಕೆ, ಹಳೆಯ ಪಂಚೆಯ ತುಂಡು, ಗಟ್ಟಿಯಾದ ಉಪ್ಪು ಕೆರೆಯುವುದಕ್ಕೆ ಒಂದು ಚೂರು ಕರಟ. ಬೆಳಗಿನ ಪೂಜೆಗೆ ಮುಂಚೆ ಕಾಲುವೆ ಹೊಸ ತಟ್ಟೆಯ ಹಾಗೆ ಇರಬೇಕು ಅವರಿಗೆ. ನಾನೂ ಇದೇ ಊರಿನವಳು; ಸೊಸೆಯಾಗಿ ಬಂದ ಹೊಸದರಲ್ಲಿ ಪೊರಕೆ ಇಸಿದುಕೊಳ್ಳಲು ಹೋದರೆ, "ನಿಂಗ್ಯಾಕಮ್ಮ ಊರವರ ಉಪ್ಪು" ಎಂದು ಕೈ ಸರಿಸಿದ್ದರು. ನೀವು ಯಾವಾಗ ಅಳುತ್ತೀರಿ ಅತ್ತೆ ಅಂತ ಒಮ್ಮೆ ಕೇಳಿದ್ದಕ್ಕೆ, "ಬಳಿಯೋಳಿಗೆ ಅಳೋಕೆ ಪುರಸೊತ್ತೆಲ್ಲಿ?" ಎಂದು ನಕ್ಕಿದ್ದರು.

ಹೋದ ಬೇಸಿಗೆಯಲ್ಲಿ ಅವರು ಬಾವಿಕಟ್ಟೆಯ ಹತ್ತಿರ ಜಾರಿ ಬಿದ್ದರು. ಸೊಂಟದ ಮೂಳೆ ಮುರಿಯಿತು. ಈ ವಯಸ್ಸಿಗೆ ಕೂಡಿಕೊಳ್ಳುವುದು ಕಷ್ಟ, ಅಲುಗಾಡಿಸಬೇಡಿ ಎಂದರು ಡಾಕ್ಟರು. ಅವರ ಮಂಚ ನಡುಮನೆಯ ಕಿಟಕಿಯ ಪಕ್ಕಕ್ಕೆ ಬಂತು. ನಮ್ಮ ಮನೆ ಗುಡಿಯ ಹಿಂದಿನ ದಿಬ್ಬದ ಮೇಲೆಯೇ ಇದೆ. ಕಿಟಕಿಯಿಂದ ನೋಡಿದರೆ ಗುಡಿಯ ಹೆಂಚು ಕಾಣುತ್ತದೆ, ಪೂಜೆಯ ಹಾಡು ಕೇಳುತ್ತದೆ. ಕೈಚಾಚಿದರೆ ಸಿಗುವಷ್ಟು ಹತ್ತಿರ, ಆದರೆ ನಡುವೆ ಕಡಿದಾದ ಮೆಟ್ಟಿಲುಗಳಿವೆ.

ಅದೇ ಮಳೆಗಾಲದಲ್ಲಿ ಲೂರ್ದು ತೀರಿಕೊಂಡಳು. ಲೂರ್ದು ನನ್ನ ನಾದಿನಿ, ಅತ್ತೆಗೆ ಒಬ್ಬಳೇ ಮಗಳು. ಹೊಳೆಯಾಚೆಯ ಊರಿಗೆ ಕೊಟ್ಟಿದ್ದರು. ಜ್ವರ ಬಂತು ಅಂತ ಸುದ್ದಿ ಬಂದ ಬೆನ್ನಿಗೇ ಇನ್ನಿಲ್ಲ ಅಂತ ಸುದ್ದಿ ಬಂತು. ನನ್ನ ಗಂಡ ಇನ್ನಾಸಪ್ಪ ಹೋಗಿ ತಂಗಿಯ ಮಣ್ಣು ಮುಗಿಸಿ ಬಂದರು. ಬಂದವರು ಮನೆಗೂ ಬರದೆ ನೇರ ಅಳುವ ಬಾಗಿಲಿಗೆ ಹೋದರು. ನಾನೂ ನಮ್ಮ ಕೂಸನ್ನು ಕಂಕುಳಲ್ಲಿ ಎತ್ತಿಕೊಂಡು ಹೋಗಿ ಅವರ ಪಕ್ಕ ಕೂತು ಕಣ್ಣೀರು ಹಾಕಿದೆ. ಮನೆಗೆ ಬಂದಾಗ ಅತ್ತೆ ಸೂರು ನೋಡುತ್ತ ಮಲಗಿದ್ದರು.

"ಅತ್ಕೊಂಡ್ ಬಂದ್ಯಾ?" ಎಂದು ಮಗನನ್ನು ಕೇಳಿದರು.

"ಹೂಂ ಕಣವ್ವ."

"ಚೆನ್ನಾಗ್ ಅತ್ಯಾ?"

ಇವರು ತಲೆಯಾಡಿಸಿದರು. "ಸರಿ ಬಿಡು" ಎಂದು ಅತ್ತೆ ಆ ಕಡೆ ಮುಖ ತಿರುಗಿಸಿದರು.

ಒಂದು ಸಲ ಅವರನ್ನು ಹೊತ್ತುಕೊಂಡು ಹೋಗಲು ನೋಡಿದೆವು. ಕುರ್ಚಿಗೆ ದಿಂಬು ಕಟ್ಟಿ, ಮೆಲ್ಲಗೆ ಕೂರಿಸಿ, ಇವರೂ ಪಕ್ಕದ ಮನೆಯ ಫಿಲೋಮಿಯೂ ಎರಡೂ ಕಡೆ ಹಿಡಿದರು. ಮೆಟ್ಟಿಲಿನ ಮೊದಲ ತಿರುವಿನಲ್ಲೇ ಒಳಗೆ ಮೂಳೆ ಮೂಳೆಗೆ ಉಜ್ಜಿದ ಸದ್ದು ನನಗೂ ಕೇಳಿಸಿತು. ಅತ್ತೆ ಕೂಗಲೂ ಇಲ್ಲ, ಕತ್ತು ವಾಲಿಸಿಬಿಟ್ಟರು. ಎಚ್ಚರವಾದ ಮೇಲೆ ಹೇಳಿದರು: "ಇನ್ನೊಂದ್ಸಲ ನನ್ನ ಹೊತ್ಕೊಂಡು ಹೋಗೋದಾದ್ರೆ ಪೆಟ್ಟಿಗೇಲಿ ಹೊತ್ಕೊಂಡು ಹೋಗಿ."

ಅಳದ ದುಃಖ ಕಣ್ಣನ್ನು ತಿನ್ನುತ್ತದೆ ಅಂತ ನಮ್ಮೂರಿನ ಮಕ್ಕಳಿಗೂ ಗೊತ್ತು. ಮೊದಲು ಕಣ್ಣು ಕೆಂಪಾಗುತ್ತದೆ, ಆಮೇಲೆ ರೆಪ್ಪೆ ಮುಚ್ಚಿದರೆ ಮರಳು ಹಾಕಿದ ಹಾಗೆ ಉರಿಯುತ್ತದೆ, ಆಮೇಲೆ ಬೆಳಕು ಕುಂದುತ್ತದೆ. ನವೆಂಬರಿನ ಹೊತ್ತಿಗೆ ಅತ್ತೆ ಕಿಟಕಿಯ ಕಡೆ ನೋಡಿ, "ಇವತ್ತು ಮಂಜಾ?" ಎಂದು ಕೇಳಿದರು. ಹೊರಗೆ ಬಿಸಿಲು ಸುಡುತ್ತಿತ್ತು. ನಾನು "ಹೂಂ ಅತ್ತೆ, ಸ್ವಲ್ಪ ಮಂಜು" ಎಂದೆ. ಕೂಸನ್ನು ಅವರ ಪಕ್ಕ ಮಲಗಿಸಿದರೆ ಮೊದಲಿನ ಹಾಗೆ ಮಾತಾಡಿಸುತ್ತಿರಲಿಲ್ಲ. ಅದರ ಮುಖ ಕಾಣದೆ ಬೆರಳಿನಿಂದ ಮೂಗು, ಬಾಯಿ ತಡವಿ ನೋಡುತ್ತಿದ್ದರು.

ಬರಲಾರದವರ ಹೆಸರಿನಲ್ಲಿ ಇನ್ನೊಬ್ಬರು ಅಳುವ ಪದ್ಧತಿ ನಮ್ಮಲ್ಲಿದೆ. ಗುಡಿಗೆ ಹೋಗಿ, ಅವರನ್ನು ನೆನೆದು ಅತ್ತು, ಒದ್ದೆಯಾದ ಸೆರಗನ್ನು ಗಾಳಿಗೆ ಒಣಗದಂತೆ ಮುಷ್ಟಿಯಲ್ಲಿ ಹಿಡಿದು ತಂದು ಅವರ ಕಣ್ಣಿನ ಮೇಲೆ ಒತ್ತುತ್ತಾರೆ. ನಾನು ದಿನವೂ ಸೊಪ್ಪು ಬಿಡಿಸಿ, ಅನ್ನಕ್ಕಿಟ್ಟು, ಅನ್ನ ಬೇಯುವಷ್ಟರಲ್ಲಿ ಓಡಿಹೋಗಿ ಅತ್ತು ಓಡಿಬರುತ್ತಿದ್ದೆ. ಲೂರ್ದುವನ್ನು ನೆನೆಯುವುದು ನನಗೆ ಕಷ್ಟವಿರಲಿಲ್ಲ. ನಾನು ಈ ಮನೆಗೆ ಬಂದಾಗ ಅವಳು ಎರಡು ಜಡೆಯ ಹುಡುಗಿ, ನನ್ನ ಹೊಸ ಸೀರೆ ನಾನು ಉಡುವುದಕ್ಕೆ ಮುಂಚೆ ಅವಳೇ ಉಟ್ಟು ಕನ್ನಡಿ ನೋಡಿಕೊಂಡವಳು.

ಅತ್ತೆ ಸೆರಗನ್ನು ಬೇಡ ಅನ್ನುತ್ತಿರಲಿಲ್ಲ. ಒಂದು ದಿನ ಮಾತ್ರ ಅದರ ತುದಿಯನ್ನು ನಾಲಿಗೆಗೆ ತಾಗಿಸಿ ನೋಡಿ, ನನ್ನ ಕೈ ಸವರಿದರು. "ಬೇಜಾರು ಮಾಡ್ಕೋಬೇಡ ರೆಜಿನಾ. ಇದು ನಿನ್ನ ಕಣ್ಣೀರು. ನಿನ್ನ ನಾದಿನಿಗೆ ನೀನು ಅತ್ತಿದ್ದು. ನಾನು ಅಷ್ಟು ಕಾಲ ಕಾಲುವೆ ಬಳಿದೋಳಲ್ವಾ? ಒಬ್ಬೊಬ್ರ ಉಪ್ಪು ಒಂದೊಂಥರ. ನನ್ನದು ಇಲ್ಲೇ ಇದೆ." ಎದೆಯ ಮೇಲೆ ಕೈ ಇಟ್ಟುಕೊಂಡರು. "ಕಲ್ಲಾಗಿ ಕೂತಿದೆ."

ಗುಡಿಯ ಹಬ್ಬ ಹತ್ತಿರ ಬರುತ್ತಿತ್ತು. ಹಬ್ಬದ ಬೆಳಗ್ಗೆ, ಪೂಜೆಗೆ ಮುಂಚೆ, ಸ್ವಾಮಿಗಳು ತೀರ್ಥ ಚಿಮುಕಿಸುತ್ತ ಗುಡಿಯ ಸುತ್ತ ಒಂದು ಸುತ್ತು ಬರುತ್ತಾರೆ. ಊರೆಲ್ಲ ಸಂತರ ಪ್ರಾರ್ಥನಾಮಾಲೆ ಹೇಳುತ್ತ ಹಿಂದೆ ನಡೆಯುತ್ತದೆ. ಎಲ್ಲ ಗುಡಿಗಳಲ್ಲೂ ಇರಬಹುದಾದಂಥದ್ದೇ. ಅದರ ಬಗ್ಗೆ ಯಾರೂ ಹೆಚ್ಚಾಗಿ ಯೋಚಿಸಿದವರಲ್ಲ.

ಒಂದು ಸಂಜೆ ನಾನು ಹಬ್ಬಕ್ಕೆ ಅಂತ ಅಕ್ಕಿ ಆರಿಸುತ್ತಿದ್ದೆ. ಮಗಳು ಜಸಿಂತಾ ಅಜ್ಜಿಯ ಕಾಲು ಒತ್ತುತ್ತ ಕೂತಿದ್ದಳು. ಅವಳಿಗೆ ಪ್ರಶ್ನೆ ಕೇಳುವ ಚಾಳಿ.

"ಅಜ್ಜೀ, ಗುಡಿ ಮೊಗಸಾಲೇಲೂ ಮೊದಲು ಕಣ್ಣೀರು ಬರ್ತಿರ್ಲಿಲ್ವಂತೆ, ಹೌದಾ?"

ಮೊಗಸಾಲೆ ಎಂದರೆ ದೊಡ್ಡ ಬಾಗಿಲಿನ ಮುಂದಿನ ಕಂಬದ ಮಂಟಪ. ಮಳೆಗೆ ಜನ ನೆನೆಯುತ್ತಾರೆಂದು ಅತ್ತೆ ಚಿಕ್ಕವರಿದ್ದಾಗ ಕಟ್ಟಿಸಿದ್ದು.

"ಬರ್ತಿರ್ಲಿಲ್ಲ ಮಗ. ಕಟ್ಟಿ ಮುಗಿಸಿ ಒಂದು ವರ್ಷ ಆದ್ರೂ ಒಬ್ರಿಗೂ ಒಂದು ಹನಿ ಬರ್ಲಿಲ್ಲ. ಮೇಸ್ತ್ರೀನ ಎಲ್ರೂ ಬಯ್ಯೋರು. ಬೆಲ್ಲದ ನೀರು ಕದ್ದು ಕುಡಿದವ್ನೆ, ಗಾರೆಗೆ ಹಾಕಿಲ್ಲ ಅಂತ."

"ಆಮೇಲೆ?"

"ಆಮೇಲೆ ಹಬ್ಬ ಬಂತು. ಸುತ್ತು ಬರೋವಾಗ ಬಾಗಿಲ ಮುಂದೆ ಮಿಕ್ಕಿದ ಹೆಂಚು ಪೇರಿಸಿಟ್ಟಿದ್ರು, ದಾರಿ ಇಲ್ಲ. ಸ್ವಾಮಿಗಳು ಮೊಗಸಾಲೆ ಆಚೆಯಿಂದ ಹೋದ್ರು. ನನ್ನ ಹೊಸ ಲಂಗ ಬೇಲಿ ಮುಳ್ಳಿಗೆ ಸಿಕ್ಕಿ ಪರ್ರಂತ ಹರೀತು. ಅದಕ್ಕೇ ನೆನಪಿದೆ. ಅವತ್ತೇ ಪೂಜೆ ಮುಗಿದ ಮೇಲೆ ನಮ್ಮ ದೊಡ್ಡಮ್ಮ ಮೊಗಸಾಲೇಲಿ ಕೂತು ಗಳಗಳ ಅತ್ಲು. ಗಾರೆ ಒಣಗ್ತು, ಗಾರೆ ಒಣಗ್ತು ಅಂತ ಬಯ್ದೋರೇ ಮೇಸ್ತ್ರೀನ ಹೆಗಲ ಮೇಲೆ ಕೂರಿಸ್ಕೊಂಡು ಕುಣಿದ್ರು."

ನನ್ನ ಕೈ ಮೊರದಲ್ಲೇ ನಿಂತಿತು. "ಅತ್ತೆ, ಅದಕ್ಕೂ ಹಿಂದಿನ ವರ್ಷ ಸುತ್ತು ಎಲ್ಲಿಂದ ಹೋಗಿತ್ತು?"

"ಎಲ್ಲಿಂದ? ಗೋಡೆ ಪಕ್ಕದಿಂದಾನೇ, ಬಾಗಿಲ ಮುಂದೇನೇ. ಹೆಂಚು ಇತ್ತಲ್ಲ, ಆ ವರ್ಷದಿಂದ ಆಚೆ ದಾರಿ ರೂಢಿಯಾಯ್ತು."

"ಗೋಪುರದ ಹತ್ತಿರ?"

"ಗೋಪುರಕ್ಕೂ ಗೋಡೆಗೂ ನಡುವೆ ನುಗ್ತಾರೆ. ಯಾಕಮ್ಮ? ಅಕ್ಕೀಲಿ ಕಲ್ಲು ಸಿಕ್ತಾ?"

"ಸಿಕ್ತು ಅತ್ತೆ" ಎಂದೆ. ಆ ರಾತ್ರಿ ಅದನ್ನು ಇವರಿಗೆ ಹೇಳಲು ಹೋದೆ. ಗಾರೆಗೂ ಕಣ್ಣೀರಿಗೂ ಸಂಬಂಧವಿಲ್ಲ, ಗೋಡೆಗೂ ಇಲ್ಲ. ಸುತ್ತಿನ ಒಳಗೆ ಸಿಕ್ಕಿದ್ದಷ್ಟೂ ಗುಡಿ ಎಂದೆ. ಇವರು, "ತಪ್ಪಾದ್ರೆ ಅವ್ವನಿಗೆ ಇನ್ನೊಂದು ಸಲ ಆಸೆ ತೋರಿಸಿ ಕಿತ್ಕೊಂಡ ಹಾಗಾಗುತ್ತೆ" ಎಂದರು. ನನಗೂ ಅದೇ ಭಯ. ಆದರೆ ಬೆಳಗ್ಗೆ ಅತ್ತೆ ಕಾಫಿ ಲೋಟ ಇರುವ ಕಡೆ ಬಿಟ್ಟು ಬೇರೆ ಕಡೆ ಕೈ ಚಾಚಿದ್ದನ್ನು ಇಬ್ಬರೂ ನೋಡಿದೆವು. ಇವರು, "ಹೋಗ್ಬಾ, ಕೂಸನ್ನ ನಾನು ನೋಡ್ಕೋತೀನಿ" ಎಂದರು.

ಈಗ ನಮ್ಮ ಗುಡಿಗೆ ಇರುವ ವಿಕ್ಟರ್ ಸ್ವಾಮಿಗಳು ಹೊರಗಿನಿಂದ ಬಂದವರು, ಎಲ್ಲಿ ಬೇಕಾದರೂ ಅಳಬಹುದಾದ ಸೀಮೆಯವರು. ಅವರು ಅಂಗಳದಲ್ಲಿ, ಗುಡಿಯಲ್ಲಿ ಧರ್ಮಪಾಠ ಹೇಳುವ ಉಪದೇಶಿ ರಾಯಪ್ಪನವರ ಜೊತೆ ಹಬ್ಬದ ತೋರಣದ ವಿಷಯ ಮಾತಾಡುತ್ತಿದ್ದರು. ಸುತ್ತು ನಮ್ಮ ಮನೆಯನ್ನೂ ಬಳಸಿ ಬರಲಿ ಎಂದು ನಾನು ಹೇಳಿದ್ದನ್ನೆಲ್ಲ ಕೇಳಿ ಸ್ವಾಮಿಗಳು ಗಲ್ಲ ಕೆರೆದುಕೊಂಡರು. ಉಪದೇಶಿಗಳು ಬಾಯಿಗೆ ಹಾಕಿಕೊಳ್ಳುತ್ತಿದ್ದ ಎಲೆಯಡಿಕೆ ಕೈಯಲ್ಲೇ ಉಳಿಯಿತು.

"ಸುತ್ತು ಅಂದ್ರೆ ಗೋಡೆಗೆ ತೋಳು ತಾಗಬೇಕಮ್ಮ. ನಿಮ್ಮನೆ ಸುತ್ತ ತಿರುಗೋಕೆ ಅದೇನು ದನ ಹುಡುಕೋ ಕೆಲಸವಾ?" ಎಂದರು ಉಪದೇಶಿಗಳು. "ಇವತ್ತು ನಿಮ್ಮನೆ. ನಾಳೆ ನಮ್ಮನೇನೂ ಸೇರಿಸಿ ಅಂತಾರೆ. ಎಲ್ರೂ ಅವರವರ ಮನೇಲೇ ಅತ್ಕೊಂಡ್ರೆ ಗುಡಿಗೆ ಯಾರು ಬರ್ತಾರೆ? ನಾನೂ ಸ್ವಾಮಿಗಳೂ ಮುಖ ಮುಖ ನೋಡ್ಕೊಂಡು ಕೂರಬೇಕು."

ನನಗೆ ವಾದ ಮಾಡಿ ಅಭ್ಯಾಸವಿಲ್ಲ. ತೋಚಿದ್ದನ್ನು ಕೇಳಿದೆ. "ಸ್ವಾಮಿ, ಪ್ರತಿ ಶುಕ್ರವಾರ ನಮ್ಮತ್ತೆಗೆ ಪರಮಪ್ರಸಾದ ಕೊಡೋಕೆ ನೀವೇ ಮೆಟ್ಟಿಲು ಹತ್ತಿ ಬರ್ತೀರಲ್ಲ. ದೇವರು ಬರೋ ಮನೆಗೆ ಗುಡಿ ಬರಬಾರದಾ?"

ಸ್ವಾಮಿಗಳು ನಮ್ಮ ದಿಬ್ಬದ ಕಡೆ ನೋಡಿದರು. "ಬಂದ ಮೇಲೂ ಕಣ್ಣೀರು ಬರದೇ ಹೋದ್ರೆ?"

"ತೀರ್ಥ ಬಿದ್ದ ಮನೆ ಆಗುತ್ತೆ ಸ್ವಾಮಿ. ನಷ್ಟ ಏನಿಲ್ಲ."

ಅವರು ನಕ್ಕರು. ಆಮೇಲೆ ನಗು ಬಿಟ್ಟು ಹೇಳಿದರು: "ನಾನು ಮಾತು ಕೊಡಲ್ಲಮ್ಮ. ನಡೀತೀನಿ, ಅಷ್ಟೆ. ಆದರೆ ದಾರಿ ಎಲ್ಲೂ ತುಂಡಾಗಬಾರದು. ನಿಮ್ಮ ಮನೆಯ ನಾಲ್ಕೂ ಕಡೆ ಜಾಗ ಇದೆಯಾ?"

ಮೂರು ಕಡೆ ಇತ್ತು. ನಾಲ್ಕನೆಯ ಕಡೆ ಫಿಲೋಮಿಯ ಮನೆ. ಅವಳ ಗೋಡೆಗೂ ನಮ್ಮ ಗೋಡೆಗೂ ನಡುವೆ ಒಂದು ಸಂದಿ, ಬೆಕ್ಕು ಓಡಾಡುವಂಥದ್ದು. ಅದರ ತುಂಬ ಅವಳ ಸೌದೆ, ಒಡೆದ ಮಡಕೆ, ಮುರಿದ ತೊಟ್ಟಿಲು. ಹಾಗಾದರೆ ಎರಡೂ ಮನೆ ಸೇರಿಸಿಯೇ ಸುತ್ತು ಬರಲಿ, ಸುಲಭ, ಎಂದರು ಸ್ವಾಮಿಗಳು. ನನಗೂ ಅದೇ ಸರಿ ಅನ್ನಿಸಿತು. ಫಿಲೋಮಿಗೆ ಖುಷಿಯಾಗುತ್ತದೆ ಅಂದುಕೊಂಡು ಹೋಗಿ ಹೇಳಿದೆ.

ಅವಳು ಹಸುವಿಗೆ ಬೂಸಾ ಕಲಸುತ್ತಿದ್ದಳು. ಕೈ ಎತ್ತಲೇ ಇಲ್ಲ. "ನನ್ನ ಮನೆ ಬಿಟ್ಟು ಸುತ್ತು ಹೋಗ್ರಕ್ಕ."

"ಯಾಕೆ ಫಿಲೋಮಿ?"

"ಯಾಕಂದ್ರೆ? ನನ್ನ ಗಂಡ ಕುಡಿದು ಬಂದು ಕೈ ಎತ್ತಿದ ದಿನ ನಾನು ಎಲ್ಲಿಗೆ ಹೋಗ್ತೀನಿ? ಅಳೋ ಬಾಗಿಲಿಗೆ. ಹೋಗೋದನ್ನ ಹತ್ತು ಜನ ನೋಡ್ತಾರೆ. ಬೆಳಗಾದ್ರೆ ಉಪದೇಶಿಗಳು ಬಂದು ಅವನ ಮುಖಕ್ಕೆ ಉಗೀತಾರೆ. ಆಮೇಲೆ ಸ್ವಲ್ಪ ದಿನ ಬಾಲ ಮುದುರ್ಕೊಂಡಿರ್ತಾನೆ." ಅವಳು ಬೂಸಾ ಮೆತ್ತಿದ ಕೈಯನ್ನು ಬಾನಿಯ ಅಂಚಿಗೆ ಒರೆಸಿದಳು. "ನಾನು ಮನೇಲೇ ಅಳೋ ಹಾಗಾದ್ರೆ ಅವನು ಬಾಗಿಲು ಹಾಕ್ಕೊಂಡು ಅಳಿಸ್ತಾನೆ ಕಣಕ್ಕ. ಗುಡಿ ನಂಗೆ ದೂರಾನೇ ಇರ್ಲಿ."

ಗೋಡೆಯಾಚೆ ಇಷ್ಟು ವರ್ಷದಿಂದ ಇದ್ದರೂ, ಅವಳ ಮಟ್ಟಿಗೆ ಆ ಮೆಟ್ಟಿಲುಗಳು ಏನಾಗಿದ್ದವು ಅಂತ ನನಗೆ ಹೊಳೆದಿರಲಿಲ್ಲ. ನಮ್ಮತ್ತೆಯನ್ನು ಗುಡಿಯಿಂದ ದೂರ ಇಟ್ಟಿದ್ದ ಮೆಟ್ಟಿಲುಗಳೇ ಅವಳನ್ನು ಕಾಯುತ್ತಿದ್ದವು. "ಹಾಗಾದರೆ ಬೇಡ ಬಿಡು" ಎಂದು ಎದ್ದೆ.

ಮರುದಿನ ಬೆಳಗ್ಗೆ ಸಂದಿಯಿಂದ ಧಡಬಡ ಸದ್ದು ಕೇಳಿ ಹೊರಗೆ ಬಂದೆ. ಫಿಲೋಮಿ ಸೆರಗು ಸೊಂಟಕ್ಕೆ ಬಿಗಿದುಕೊಂಡು ಸೌದೆ ಎಳೆದು ಹಾಕುತ್ತಿದ್ದಳು. ಮಡಕೆ ಚೂರುಗಳೆಲ್ಲ ಆಗಲೇ ಅಂಗಳಕ್ಕೆ ಬಂದಿದ್ದವು. ಕೊನೆಗೆ ತೊಟ್ಟಿಲನ್ನು ಎಳೆದು ಹೊರಗಿಟ್ಟು, "ನೋಡು, ಅಡ್ಡಡ್ಡ ತಿರುಗಿದ್ರೆ ಒಬ್ಬೊಬ್ರು ನುಗ್ಗಬಹುದು" ಎಂದಳು. "ಸ್ವಾಮಿಗಳ ಹೊಟ್ಟೇದೇ ಯೋಚನೆ. ಇವತ್ತಿಂದ ಉಪವಾಸ ಇರೋಕೆ ಹೇಳು."

ಹಬ್ಬದ ಬೆಳಗ್ಗೆ ಅತ್ತೆಯ ತಲೆ ಬಾಚಿ, ಬಿಳಿ ಸೀರೆ ಹೊದಿಸಿದೆ. ಅವರಿಗೆ ಎಲ್ಲ ಹೇಳಿಯಾಗಿತ್ತು. ಕೆಳಗೆ ಗಂಟೆ ಹೊಡೆಯಿತು. ಕಿಟಕಿಯಿಂದ ನಾನು ನೋಡುತ್ತಿದ್ದೆ: ಸುತ್ತು ದೊಡ್ಡ ಬಾಗಿಲಿನಿಂದ ಹೊರಟು, ಮೊಗಸಾಲೆಯ ಆಚೆಯಿಂದ ಬಳಸಿ, ತೆಂಕಣ ಗೋಡೆ ಹಿಡಿದು ಬಂತು. ಹಿಂಗೋಡೆಯ ಮೂಲೆಗೆ ಬಂದಾಗ ಉಪದೇಶಿಗಳು ಅಭ್ಯಾಸದ ಮೇಲೆ ಗೋಡೆಯ ಕಡೆಗೇ ತಿರುಗಿದರು. ಸ್ವಾಮಿಗಳು ಮೆಟ್ಟಿಲಿಗೆ ಕಾಲಿಟ್ಟರು. ಒಂದು ಗಳಿಗೆ ಪ್ರಾರ್ಥನೆ ನಿಂತೇಹೋಯಿತು. ಆಮೇಲೆ ಹಿಂದಿನಿಂದ ಯಾರೋ ಮುದುಕಿ ದನಿ ಎತ್ತಿ ಸಂತ ಅನ್ನಮ್ಮನ ಹೆಸರು ಹೇಳಿದಳು. "ನಮಗೋಸ್ಕರ ಪ್ರಾರ್ಥಿಸಿರಿ" ಎಂದು ಊರು ಮೆಟ್ಟಿಲು ಹತ್ತಿತು.

ಸಂದಿಯ ಬಾಯಲ್ಲಿ ಸ್ವಾಮಿಗಳು ಪೂಜೆಯ ಮೇಲಂಗಿ ತೆಗೆದು ಇವರ ಕೈಗೆ ಕೊಟ್ಟು, ಅಡ್ಡ ತಿರುಗಿ, ಉಸಿರು ಬಿಗಿಹಿಡಿದು ಒಳಗೆ ನುಗ್ಗಿದರು. ಅವರ ಹಿಂದೆ ಒಬ್ಬೊಬ್ಬರಾಗಿ ಎಲ್ಲರೂ. ಬಸುರಿಯರನ್ನು ಅಂಗಳದಲ್ಲೇ ಕೂರಿಸಿದ್ದೆವು. ನಮ್ಮ ಗೋಡೆಗೆ ಎದೆ, ಫಿಲೋಮಿಯ ಗೋಡೆಗೆ ಬೆನ್ನು ತಾಗಿಸಿಕೊಂಡು, ಸಂತರ ಹೆಸರು ಹೇಳುತ್ತ, ಊರಿಗೆ ಊರೇ ಏಡಿಯ ಹಾಗೆ ನಡೆಯಿತು. ಗೋಡೆಯ ಈಚೆ ಮಂಚದ ಮೇಲೆ ಅತ್ತೆಗೆ ಒಂದೊಂದು ದನಿಯೂ ಕಿವಿಯ ಪಕ್ಕದಲ್ಲೇ ಕೇಳುತ್ತಿತ್ತು. ಯಾರದು ಯಾವ ದನಿ ಎಂದು ಅವರು ತುಟಿಯಲ್ಲೇ ಹೆಸರು ಹೇಳಿಕೊಳ್ಳುತ್ತಿದ್ದರು. ಉಸಿರಿನ ಬಿಸಿ ಗೋಡೆ ದಾಟಿ ಬಂದ ಹಾಗೆ ನನಗೆ ಅನ್ನಿಸಿತು. ಆಚೆ ಫಿಲೋಮಿ ತನ್ನ ಜಗುಲಿಯ ಅಂಚಿನಲ್ಲಿ ಮೊರ ಅಡ್ಡ ಹಿಡಿದು ನಿಂತಿದ್ದಳು, ತೀರ್ಥದ ಒಂದು ಹನಿಯೂ ತನ್ನ ಕಡೆ ಬೀಳದ ಹಾಗೆ. "ಸ್ವಾಮೀ, ಕೈ ಆ ಕಡೆ, ಆ ಕಡೆ!" ಎಂದು ಕೂಗುತ್ತಿದ್ದಳು. ಹೊರಗೆ ಬಂದವರ ಮೈಮೇಲೆಲ್ಲ ಸುಣ್ಣ. ಉಪದೇಶಿಗಳ ಕರಿಕೋಟು ಬೆನ್ನೆಲ್ಲ ಬೆಳ್ಳಗಾಗಿತ್ತು. ಸುತ್ತು ಬಾವಿಯ ಕಡೆಯಿಂದ ಇಳಿದು, ಮತ್ತೆ ಗೋಡೆ ಹಿಡಿದು, ದೊಡ್ಡ ಬಾಗಿಲು ಮುಟ್ಟಿತು.

ಎಲ್ಲರೂ ಪೂಜೆಗೆ ಒಳಗೆ ಹೋದರು. ಮನೆಯಲ್ಲಿ ನಾನು, ನಿದ್ದೆಹೋದ ಕೂಸು, ಅತ್ತೆ. ಏನೂ ಆಗಲಿಲ್ಲ. ಅತ್ತೆ ರೆಪ್ಪೆ ಬಡಿದರು, ಮತ್ತೆ ಬಡಿದರು. ಉರಿಯುತ್ತಿತ್ತು ಅಂತ ಕಾಣುತ್ತದೆ, ಮುಖ ಹಿಂಡಿದರು.

"ಬರ್ಲಿಲ್ಲ ಕಣಮ್ಮ" ಎಂದರು ಕೊನೆಗೆ. "ಕಲ್ಲಾದದ್ದು ಕಲ್ಲೇ. ನೀನು ಹೋಗಿ ಅಡಿಗೆ ನೋಡು. ಹಸ್ಕೊಂಡ್ ಬರ್ತಾರೆ."

ಅವರ ಮುಂದೆ ನಿಲ್ಲಲು ನನಗೆ ಆಗಲಿಲ್ಲ. ಅಡಿಗೆಮನೆಗೆ ಹೋದೆ. ಆಸೆ ತೋರಿಸಿ ಕಿತ್ಕೊಂಡ ಹಾಗಾಗುತ್ತೆ ಎಂದು ಇವರು ಅಂದದ್ದೇ ತಲೆಯಲ್ಲಿ ಸುತ್ತುತ್ತಿತ್ತು. ಹಬ್ಬದ ಸಾರಿಗೆ ಈರುಳ್ಳಿ ಆಗಬೇಕಿತ್ತು. ಈಳಿಗೆಮಣೆ ಹಾಕಿಕೊಂಡು ಕೂತು ಮೊದಲನೆಯದನ್ನು ಸೀಳಿದೆ, ಎರಡನೆಯದನ್ನು ಸೀಳಿದೆ. ಮೂಗಿನೊಳಗೆ ಏನೋ ಚುಚ್ಚಿದ ಹಾಗಾಯಿತು. ಒಲೆಯ ಹೊಗೆ ಅಂದುಕೊಂಡೆ. ಒಲೆ ಹಚ್ಚಿರಲೇ ಇಲ್ಲ. ಮುಂದಿನದನ್ನು ಸೀಳುವಾಗ ಈರುಳ್ಳಿ ಎರಡಾಗಿ, ಮೂರಾಗಿ ಕಂಡಿತು, ಕೆನ್ನೆಯ ಮೇಲೆ ಬೆಚ್ಚಗೆ ಏನೋ ಇಳಿಯಿತು. ಹುಟ್ಟಿದ ಊರಿನಲ್ಲಿ, ನನ್ನ ಸ್ವಂತ ಅಡಿಗೆಮನೆಯಲ್ಲಿ, ನಾನು ಕಣ್ಣೊರೆಸಿಕೊಳ್ಳುವುದನ್ನೇ ಮರೆತು ಕೂತೆ.

ಅರ್ಧ ಈರುಳ್ಳಿಯನ್ನು ಹಿಡಿದುಕೊಂಡೇ ಓಡಿದೆ. "ಅತ್ತೆ, ಇಲ್ಲಿ ನೋಡಿ."

"ನಂಗೆಲ್ಲಿ ಕಾಣುತ್ತಮ್ಮ."

ಅವರ ಕೈಹಿಡಿದು ನನ್ನ ಕೆನ್ನೆಗೆ ಒತ್ತಿದೆ. ಅವರ ಬೆರಳು ಒಂದು ಕ್ಷಣ ಅಲ್ಲೇ ನಿಂತಿತು. ಆಮೇಲೆ ಆ ಬೆರಳನ್ನು ನಾಲಿಗೆಗೆ ತಾಗಿಸಿ, ಹುಬ್ಬು ಗಂಟು ಹಾಕಿದರು.

"ಇದು ದುಃಖದ್ದಲ್ಲ" ಎಂದರು.

"ಅಲ್ಲ ಅತ್ತೆ. ಈರುಳ್ಳೀದು."

"ಈರುಳ್ಳಿಗೂ ಬರುತ್ತಾ?"

"ಬಂತಲ್ಲ."

ಅವರು ನಕ್ಕರು. ಮುರಿದ ಸೊಂಟ ನೋಯುವಷ್ಟು ಮೈ ಕುಲುಕಿಸಿ ನಕ್ಕರು. "ಈರುಳ್ಳಿಗೆ! ಲೂರ್ದೂಗೆ ಹೇಳ್ಬೇಕು..." ಎಂದವರು ಅಲ್ಲಿಗೆ ನಿಂತರು. ಹೇಳುವುದಕ್ಕೆ ಲೂರ್ದು ಇರಲಿಲ್ಲ. ನಗುತ್ತಿದ್ದ ಬಾಯಿ ತೆರೆದೇ ಇತ್ತು, ಅದರೊಳಗಿನಿಂದ ಬೇರೆ ದನಿ ಬಂತು. ಕಣ್ಣಿನ ಕೊನೆಯಲ್ಲಿ ನೀರು ಕಟ್ಟಿಕೊಂಡಿತು, ಕಿವಿಯ ಕಡೆಗೆ ಇಳಿಯಿತು. ಮತ್ತೆ ನಿಲ್ಲಲಿಲ್ಲ. ಅವರು ಮಂಚದ ಅಂಚಿಗೆ ತಲೆ ಹೊರಳಿಸಿ, ಎರಡು ಜಡೆಯ ಹುಡುಗಿಯನ್ನು ಕೂಗುವ ಹಾಗೆ ಮಗಳ ಹೆಸರು ಕೂಗಿ ಕೂಗಿ ಅತ್ತರು. ಕೂಸು ಎದ್ದು ಅಳತೊಡಗಿತು. ಅದರ ಕೆನ್ನೆಯೂ ಒದ್ದೆಯಾಗಿತ್ತು. ಕೆಳಗೆ ಪೂಜೆಯ ಗಂಟೆ ಸಣ್ಣಗೆ ಕೇಳಿಸಿತು, ಊರೆಲ್ಲ ಮೊಣಕಾಲೂರಿದ ಮೌನ ದಿಬ್ಬದ ತನಕ ಬಂತು.

ಮಂಚದ ಕೆಳಗೆ, ನಮ್ಮ ಮನೆಯ ಕೆಂಪು ನೆಲದ ಮೇಲೆ, ಹನಿಗಳು ಬಿದ್ದವು. ಗುಡಿಯಲ್ಲಾಗಿದ್ದರೆ ಅವು ವಾಟ ಹಿಡಿದು, ಕಾಲುವೆ ಸೇರಿ, ಎಲ್ಲರ ಕಣ್ಣೀರಿನ ಜೊತೆ ಕಿಂಡಿಯಿಂದ ಹೊರಗೆ ಹೋಗುತ್ತಿದ್ದವು. ನಮ್ಮ ನೆಲಕ್ಕೆ ವಾಟವಿಲ್ಲ. ಬಿದ್ದಲ್ಲೇ ನಿಂತವು, ಒಂದಕ್ಕೊಂದು ಸೇರಿ ಅಂಗೈಯಷ್ಟಾದವು. ಕೈಗೆ ಸಿಕ್ಕಿದ ಬಟ್ಟೆ ತೆಗೆದುಕೊಂಡು ನಾನು ಬಗ್ಗಿದೆ.

ಅತ್ತೆ ನನ್ನ ಮಣಿಕಟ್ಟು ಹಿಡಿದರು. "ಒರೆಸ್ಬೇಡ" ಎಂದರು. ಬಿಕ್ಕಳಿಕೆಯ ನಡುವೆ ಉಸಿರು ಎಳೆದುಕೊಂಡು ಮತ್ತೆ ಹೇಳಿದರು: "ಊರವರದ್ದೆಲ್ಲಾ ಒರೆಸಿದೀನಿ ರೆಜಿನಾ. ಇದು ಇರ್ಲಿ."

ನಾನು ಬಟ್ಟೆ ಬಿಟ್ಟು, ಕೂಸನ್ನು ಎತ್ತಿಕೊಂಡು, ಆ ಒದ್ದೆಯನ್ನು ತುಳಿಯದ ಹಾಗೆ ಅವರ ಪಕ್ಕ ಕೂತೆ.